ಮಗ್ಗುಲ ಹಾಳೆಯ ಹೆಸರು

ಬೆಳಗಾವಿಯಿಂದ ತೆಂಕಣಕ್ಕೆ ಹೊರಟು, ದೇಸೂರನ್ನು ಹಿಂದಿಕ್ಕಿ, ಕೆಂಪುನೆಲದ ಏರಿಳಿತಗಳನ್ನು ಹತ್ತಿಳಿದು, ಖಾನಾಪುರದಲ್ಲಿ ಮಲಪ್ರಭೆಯ ದಂಡೆಯನ್ನು ಮುಟ್ಟುವ ದಾರಿ ಸುಮಾರು 26 ಕಿಲೋಮೀಟರುಗಳದು. ಬಸ್ಸಿನಲ್ಲಿ ಕುಳಿತವನಿಗೆ ಒಂದು ಜೊಂಪು ಮುಗಿಯುವುದರೊಳಗೆ ಸಂದುಹೋಗುವ ಈ ದಾರಿಯನ್ನು, ಅದರ ಎಡಬಲದ ಸೀಮೆಯೊಡನೆ, ಭಾರತೀಯ ಸರ್ವೇಕ್ಷಣ ಇಲಾಖೆಯ ನಕಾಶೆಗಳಲ್ಲಿ ಕಾಣಬೇಕೆಂದು ಬಯಸುವವನು ನಾಲ್ಕು ಹಾಳೆಗಳನ್ನು ನೆಲದ ಮೇಲೆ ಹರಡಿಕೊಳ್ಳಬೇಕಾಗುವುದು. ಏಕೆಂದರೆ ಪೂರ್ವ ರೇಖಾಂಶದ 74 ಡಿಗ್ರಿ 30 ಮಿನಿಟಿನ ಗೆರೆ ಬೆಳಗಾವಿ ನಗರದ ಪಡುವಣ ಭಾಗವನ್ನು ಸೀಳಿಕೊಂಡು ಹೋಗುತ್ತದೆ. ಉತ್ತರ ಅಕ್ಷಾಂಶದ 15 ಡಿಗ್ರಿ 45 ಮಿನಿಟಿನ ಗೆರೆ ಎರಡೂ ಊರುಗಳ ನಡುವೆ, ದೇಸೂರಿನ ಆಸುಪಾಸಿನಲ್ಲಿ, ಅಡ್ಡ ಹಾಯುತ್ತದೆ. ಇವೆರಡೂ ಹಾಳೆಗಳ ಅಂಚುಗಳಾದುದರಿಂದ, ಹಿಂಡಲಗೆಯ ಕಡೆಗೆ ಒಂದು, ಕೋಟೆಯ ಕಡೆಗೆ ಇನ್ನೊಂದು, ಖಾನಾಪುರ ನಂದಗಡ ಹಲಸಿಗಳಿಗೆ ಮತ್ತೊಂದು, ಜಾಂಬೋಟಿಯ ಕಾಡುಸೀಮೆಗೆ ಮಗದೊಂದು ಎಂದು ನಾಲ್ಕು ಹಾಳೆಗಳು ಒಂದೇ ಬಿಂದುವಿನಲ್ಲಿ ಬಂದು ಕೂಡುತ್ತವೆ. ಅವುಗಳ ಹೆಸರು ಕ್ರಮವಾಗಿ 48 ಐ 5, 48 ಐ 9, 48 ಐ 10, 48 ಐ 6.

ಈ ನಾಲ್ಕು ಹಾಳೆಗಳನ್ನು ನಾನು ಮೊದಲ ಸಲ ಜೋಡಿಸಿದ ದಿನ ನನ್ನ ನೆನಪಿನಲ್ಲಿ ಹಸಿರಾಗಿಯೇ ಇದೆ. ಹೊಲಿಗೆಯ ಮೇಲೆ ಬೆರಳಾಡಿಸುತ್ತ ರೈಲುಹಾದಿಯ ಕಪ್ಪು ಗೆರೆಯನ್ನು ಹಿಂಬಾಲಿಸುತ್ತಿದ್ದಾಗ, ಹಾಳೆ ಮುಗಿಯುವಲ್ಲಿ, ಚೌಕಟ್ಟಿನ ಹೊರಗೆ, ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ಆ ದಾರಿ ಮುಂದೆ ಯಾವ ಊರಿಗೆ ಹೋಗುವುದು, ಆ ಊರು ಅಲ್ಲಿಂದ ಎಷ್ಟು ದೂರ ಎಂಬುದನ್ನು ಬರೆದಿದ್ದುದು ಕಣ್ಣಿಗೆ ಬಿತ್ತು. ಇನ್ನೂ ಕೆಳಗೆ, ಹಾಳೆಯ ಪಾದದಲ್ಲಿ, ಒಂಬತ್ತು ಮನೆಗಳ ಒಂದು ಪುಟ್ಟ ಚೌಕ: ನಟ್ಟನಡುವಿನ ಮನೆಯಲ್ಲಿ ಆ ಹಾಳೆಯದೇ ಅಂಕ, ಸುತ್ತಲಿನ ಎಂಟು ಮನೆಗಳಲ್ಲಿ ಅದರ ಎಂಟು ನೆರೆಹಾಳೆಗಳ ಅಂಕ. ಈ ಪುಟ್ಟ ಚೌಕವನ್ನು ಕಂಡಂದಿನಿಂದ ನಕಾಶೆಯ ಬಗೆಗಿನ ನನ್ನ ಭಾವನೆಯೇ ಬೇರೆಯಾಯಿತು. ನಾಡು ಕಣ್ಣಿಗೆ ದಕ್ಕಬೇಕಾದರೆ ಅದನ್ನು ತುಂಡರಿಸದೆ ವಿಧಿಯಿಲ್ಲ. ಮನುಷ್ಯನ ಮೇಜು ಚಿಕ್ಕದು, ದೃಷ್ಟಿ ಇನ್ನೂ ಚಿಕ್ಕದು. ತುಂಡರಿಸುವುದರಲ್ಲಿ ದೋಷವಿಲ್ಲ. ತುಂಡುಗಳೆಲ್ಲವೂ ಒಂದೇ ಅಳತೆಯವಾಗಿರದಿದ್ದರೆ, ತುಂಡಿನ ಅಂಚಿನಲ್ಲಿ ಮಗ್ಗುಲವನ ಹೆಸರು ಇರದಿದ್ದರೆ, ಅಲ್ಲಿ ದೋಷವುಂಟು. ಈಚೆಗೆ ಗಣಕಯಂತ್ರದ ಪೈಥಾನ್ ಭಾಷೆಯಲ್ಲಿ ನಮ್ಮ ಜಿಲ್ಲೆಯ ತಾಲೂಕುಗಳನ್ನು ಬಿಡಿಬಿಡಿ ಚೌಕಟ್ಟುಗಳಲ್ಲಿ ಬರೆಯುವ ಕೆಲಸಕ್ಕೆ ತೊಡಗಿದಾಗ ಈ ಎರಡು ದೋಷಗಳನ್ನೂ ನಾನೇ ಮಾಡಿದೆನಾದುದರಿಂದ, ನಮ್ಮ ಹಿರಿಯರು ಇದೇ ನೆಲವನ್ನು ತುಂಡರಿಸಿ ನೋಡಿದ ಬಗೆಯೆಂತಹುದೆಂದು ಹಿಂದಿರುಗಿ ನೋಡುವ ಆಸೆ ಹುಟ್ಟಿತು.

ನಕಾಶೆಯೆಂಬುದು ಈ ನಾಡಿಗೆ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ನೆಲದ ತುಂಡುಗಳಿಗೆ ಅಂಚು ಬರೆಯುವ ಕಲೆ ಇಲ್ಲಿ ಪಕ್ವವಾಗಿತ್ತು. ಖಾನಾಪುರ ತಾಲೂಕಿನ ಹಲಸಿ, ಕದಂಬರ ಕಾಲದ ಪಲಾಶಿಕೆ, ತನ್ನ ಮಣ್ಣಿನಡಿಯಿಂದ ಕೊಟ್ಟ ತಾಮ್ರಪಟಗಳಲ್ಲಿ ಕಾಕುಸ್ಥವರ್ಮನು ಶ್ರುತಕೀರ್ತಿಯೆಂಬ ಸೇನಾಪತಿಗೆ ಖೇಟಗ್ರಾಮದ ಒಂದು ಕ್ಷೇತ್ರವನ್ನು ಕೊಟ್ಟ ವಿವರವಿದೆ. ಕ್ರಿಸ್ತಶಕದ 5ನೆಯ ಶತಮಾನದ ಮಾತಿದು. ಕ್ಷೇತ್ರಕ್ಕೆ ಹೆಸರುಂಟು, ಗ್ರಾಮಕ್ಕೆ ಹೆಸರುಂಟು, ಕೊಟ್ಟವನಿಗೂ ಪಡೆದವನಿಗೂ ಹೆಸರುಂಟು. ಮುಂದಿನ ಶತಮಾನಗಳ ಕನ್ನಡ ದತ್ತಿಶಾಸನಗಳಿಗೆ ಬಂದರೆ, ಮೂಡಲು ಏನು, ತೆಂಕಲು ಏನು, ಪಡುವಲು ಏನು, ಬಡಗಲು ಏನು ಎಂದು ನಾಲ್ಕು ದಿಕ್ಕಿಗೂ ನಿಂತು ಕೈತೋರಿಸಿ ಹೇಳುವ ಒಂದು ಗಂಭೀರವಾದ ವಾಡಿಕೆ ಬೆಳೆದು ನಿಂತಿರುವುದನ್ನು ಕಾಣುತ್ತೇವೆ. ಅಲ್ಲಿ ನಟ್ಟ ಕಲ್ಲು, ಇಲ್ಲಿ ಹಳ್ಳ, ಆಚೆಗೆ ಹುಣಿಸೆಯ ಮರ, ಈಚೆಗೆ ಇಂತಹ ಊರಿಗೆ ಹೋಗುವ ಬಟ್ಟೆ. ಒಂದು ತುಂಡು ನೆಲವನ್ನು ಉಳಿದ ನೆಲದಿಂದ ಬೇರ್ಪಡಿಸುವ ಉಪಾಯವೇ ಅದರ ನೆರೆಯವರನ್ನು ಹೆಸರಿಸುವುದಾಗಿತ್ತು. ಈ ವಾಡಿಕೆ ಇನ್ನೂ ಸತ್ತಿಲ್ಲ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಮಡಿಕೆ ಹರಿದುಹೋದ ಒಂದು ಖರೀದಿಪತ್ರವಿದೆ; ಎಕರೆ ಗುಂಟೆಗಳ ಲೆಕ್ಕ ಅದರಲ್ಲಿ ಒಂದು ಸಾಲು, ಚಕ್ಕುಬಂದಿಯೇ ನಾಲ್ಕು ಸಾಲು. ಅಳತೆಯಲ್ಲಿ ಗುಂಟೆ ಅರ್ಧಗುಂಟೆ ತಪ್ಪಬಹುದು, ಚಕ್ಕುಬಂದಿ ತಪ್ಪಬಾರದೆಂಬುದು ಹಿರಿಯರ ನಂಬಿಕೆ.

ಶಾಸನಗಳ ಕಾಲದ ದೊಡ್ಡ ವಿಭಾಗಗಳಿಗೆ ಅಂಕೆಯೇ ಹೆಸರಿನ ಒಂದು ಅಂಗವಾಗಿತ್ತು. ರಟ್ಟರ ಕುಂಡಿ 3000, ಗೋವೆಯ ಕದಂಬರ ಪಲಸಿಗೆ 12000, ಅವುಗಳ ನಡುವೆ ವೇಣುಗ್ರಾಮ 70. ವೇಣುಗ್ರಾಮವೇ ಇಂದಿನ ಬೆಳಗಾವಿ. ಅದು 13ನೆಯ ಶತಮಾನದ ಆರಂಭದ ಹೊತ್ತಿಗೆ ಕದಂಬರ ಕೈಯಿಂದ ರಟ್ಟರ ಕೈಗೆ ಬಂದು, ಸವದತ್ತಿಯಲ್ಲಿದ್ದ ಅವರ ರಾಜಧಾನಿಯೂ ಅಲ್ಲಿಗೇ ಬಂದಿತು. ಕೋಟೆಯೊಳಗಿನ ರಟ್ಟ ಜಿನಾಲಯಕ್ಕೆ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ಕೊಟ್ಟ ದತ್ತಿಗಳ ಕನ್ನಡ ಶಾಸನಶಿಲೆಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ನೆಲವೊಂದು ಇಲ್ಲಿ, ನೆಲದ ಅಂಚನ್ನು ಹೇಳುವ ಕಲ್ಲು ಏಳು ಕಡಲಾಚೆ: ಇದನ್ನು ನೆನೆದಾಗಲೆಲ್ಲ ನನಗೆ ಮನಸ್ಸಿನಲ್ಲಿ ಒಂದು ನೋವು.

ಸರಪಳಿ ಹಿಡಿದ ಮೋಜಣಿದಾರರು ಈ ನೆಲಕ್ಕೆ ಬಂದುದು ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ. 1818ರ ಏಪ್ರಿಲಿನಲ್ಲಿ ಬೆಳಗಾವಿಯ ಕೋಟೆ ಥಾಮಸ್ ಮನ್ರೋನ ಸೈನ್ಯಕ್ಕೆ ಶರಣಾಯಿತು. ಧಾರವಾಡಕ್ಕೆ ಸೇರಿದ್ದ ಸೀಮೆ 1836ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆ ಮುನ್ನಿನ ವರ್ಷ, 1835ರಲ್ಲಿ, ಪುಣೆಯ ಕಡೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಎಂಬ ಸಿವಿಲ್ ಅಧಿಕಾರಿಯೂ ವಿಂಗೇಟ್ ಎಂಬ ಇಂಜಿನಿಯರನೂ ಕೂಡಿ ತೊಡಗಿದ ಕಂದಾಯದ ಮೋಜಣಿಯ ಪದ್ಧತಿ, ದಕ್ಷಿಣ ಮರಾಠಾ ಸೀಮೆಯೆಂದು ಕರೆಯಲಾಗುತ್ತಿದ್ದ ನಮ್ಮ ಧಾರವಾಡ ಬೆಳಗಾವಿಗಳಿಗೆ ವಿಂಗೇಟನೊಡನೆಯೇ ಬಂದಿತು. 1847ರಲ್ಲಿ ಅವರಿಬ್ಬರೂ ಡೇವಿಡ್‌ಸನ್ನನನ್ನು ಕೂಡಿಕೊಂಡು ಬರೆದ ಜಂಟಿ ವರದಿಯೇ ಮುಂಬಯಿ ಇಲಾಖೆಯ ಮೋಜಣಿಗೆ ಧರ್ಮಶಾಸ್ತ್ರವೆನಿಸಿತು. ಕಂದಾಯಕ್ಕಾಗಿ ಹುಟ್ಟಿದ ಕೆಲಸವಿದೆಂಬುದನ್ನು ನಾನು ಮರೆತಿಲ್ಲ. ರೈತನ ಬೆವರನ್ನು ಆಣೆಯಲ್ಲಿ ಅಳೆದ ಲೆಕ್ಕವಿದು. ಆದರೂ ಅದರ ಕುಶಲತೆಯನ್ನು ಕಂಡು ತಲೆದೂಗದಿರಲು ಆಗದು.

ಸರಪಳಿ 33 ಅಡಿ ಉದ್ದದ್ದು. ರೂಪಾಯಿಗೆ ಹದಿನಾರು ಆಣೆಯಿದ್ದಂತೆ ಸರಪಳಿಗೂ ಹದಿನಾರು ಆಣೆ. ಒಂದು ಸರಪಳಿಯ ಚೌಕವೇ ಒಂದು ಗುಂಟೆ, ಅಂತಹ 40 ಗುಂಟೆ ಕೂಡಿದರೆ ಒಂದು ಎಕರೆ. ಇಂದಿಗೂ ಬೆಳಗಾವಿಯಲ್ಲಿ ಮನೆಯ ನಿವೇಶನ ಕೊಳ್ಳುವವನು ಗುಂಟೆಯ ಮಾತನಾಡುವಾಗ, ತಿಳಿಯದೆಯೇ, ವಿಂಗೇಟನ ಆ ಸರಪಳಿಯನ್ನೇ ಹಿಡಿದೆಳೆಯುತ್ತಿರುತ್ತಾನೆ. ಮೋಜಣಿದಾರನ ಬೆನ್ನಿಗೆ ಮಣ್ಣಿನ ದರ್ಜೆಯನ್ನು ಗೊತ್ತುಮಾಡುವವನು ಬರುತ್ತಿದ್ದನು. ಅವನು ಕೈಯಲ್ಲಿನ ಕಾಗದದ ಮೇಲೆ ಹೊಲದ ಆಕೃತಿಯನ್ನು ಬರೆದುಕೊಂಡು, ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಗೆರೆಗಳನ್ನೆಳೆದು, ಹೊಲವನ್ನು ಸಮನಾದ ಮನೆಗಳನ್ನಾಗಿ ವಿಂಗಡಿಸುತ್ತಿದ್ದನು. ಬಳಿಕ ಒಂದೊಂದು ಮನೆಯಲ್ಲಿಯೂ ನೆಲವನ್ನು ಅಗೆಸಿ, ಮಣ್ಣು ಎಷ್ಟು ಮೊಳ ಆಳವಿದೆಯೆಂದು ನೋಡಿ, ಕರಿಯದೋ ಕೆಂಪೋ ಮರಡಿಯೋ ಎಂದು ತಿಳಿದು, ಅದನ್ನು ಆ ಮನೆಯೊಳಗೇ ಗುರುತಿಸುತ್ತಿದ್ದನು. ಒಂದೂಮುಕ್ಕಾಲು ಮೊಳ ಆಳದ ನಿರ್ದುಷ್ಟವಾದ ಮೊದಲ ದರ್ಜೆಯ ಮಣ್ಣಿಗೆ ಹದಿನಾರಾಣೆ; ಅಲ್ಲಿಂದ ಒಂಬತ್ತು ವರ್ಗಗಳ ಮೆಟ್ಟಿಲಿಳಿದು ಕೊನೆಯ ವರ್ಗಕ್ಕೆ ಎರಡಾಣೆ. ಸುಣ್ಣದ ಹರಳು ಬೆರೆತಿದ್ದರೆ, ಉಸುಕು ಹೆಚ್ಚಿದ್ದರೆ, ನೆಲ ಇಳಿಜಾರಾಗಿದ್ದರೆ, ಹರಿಯುವ ನೀರು ಮಣ್ಣನ್ನು ಕೊಚ್ಚುವಂತಿದ್ದರೆ, ನೀರು ಜಿನುಗಿ ನಿಲ್ಲುವಂತಿದ್ದರೆ, ಅಂತಹ ಒಂದೊಂದು ದೋಷಕ್ಕೂ ಒಂದೊಂದು ಚಿಹ್ನೆ. ಒಂದು ಚಿಹ್ನೆ ಬಿದ್ದರೆ ಆ ಮನೆಯ ಮಣ್ಣು ಒಂದು ವರ್ಗ ಕೆಳಗಿಳಿಯುತ್ತಿತ್ತು. ಕೊನೆಗೆ ಮನೆಮನೆಗಳ ಆಣೆಗಳನ್ನು ಕೂಡಿ ಸರಾಸರಿ ತೆಗೆದರೆ ಇಡೀ ಹೊಲದ ಬೆಲೆ ಸಿದ್ಧವಾಗುವುದು.

ನೆಲವೊಂದನ್ನು ಸಮಾನವಾದ ಸಣ್ಣ ಚೌಕಟ್ಟುಗಳಾಗಿ ಒಡೆದು, ಪ್ರತಿಯೊಂದರಲ್ಲಿಯೂ ಒಂದೇ ಬಗೆಯ ಪ್ರಶ್ನೆಯನ್ನು ಕೇಳಿ, ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಈ ಉಪಾಯ, ಇಂದು ಗಣಕದ ಪರದೆಯ ಮೇಲೆ ನಾವು ಮಾಡುವ ಕೆಲಸದ ಅಜ್ಜನೇ ಸರಿ. ಗದ್ದೆಯ ಬದುವಿನ ಮೇಲೆ, ಬೆವರಿನಿಂದ ತೊಯ್ದ ಕಾಗದದ ಮೇಲೆ ಅದು ನಡೆಯುತ್ತಿತ್ತು ಎಂಬುದಷ್ಟೇ ವ್ಯತ್ಯಾಸ. ಖಾನಾಪುರದ ಪಡುವಣ ಭಾಗದಲ್ಲಿಯಂತೂ ಈ ಕೆಲಸ ಸುಲಭವಾಗಿದ್ದಿರಲಾರದು. ಬಯಲುಸೀಮೆಯ ಎರೆಹೊಲದಲ್ಲಿ ಸರಪಳಿಯನ್ನು ನೇರವಾಗಿ ಎಳೆಯಬಹುದು. ಭತ್ತದ ಗದ್ದೆಗಳು ಅಂಗೈಯಗಲದ ಮೆಟ್ಟಿಲುಗಳಾಗಿ ಕಣಿವೆಯನ್ನು ಇಳಿಯುವಲ್ಲಿ, ಕಾಡನ್ನು ಕಡಿದು ಸುಟ್ಟು ಒಂದೆರಡು ವರ್ಷ ರಾಗಿ ಬೆಳೆದು ಮುಂದೆ ಸಾಗುವ ಕುಮರಿಯ ನೆಲದಲ್ಲಿ, ಹೊಲವೆಂಬುದು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂದು ಹೇಳುವುದೇ ಕಷ್ಟ.

ಹೀಗೆ ಅಳೆದ ಹೊಲಗಳೆಲ್ಲವನ್ನೂ ಕೂಡಿಸಿ ಊರಿಗೊಂದು ನಕಾಶೆ ಮಾಡುತ್ತಿದ್ದರು. ಮೈಲಿಗೆ ಎಂಟಂಗುಲದ ಪ್ರಮಾಣ, ಎಂದರೆ ಕಾಗದದ ಮೇಲಿನ ಒಂದಂಗುಲಕ್ಕೆ ನೆಲದ ಮೇಲೆ ಇಪ್ಪತ್ತು ಸರಪಳಿ. ಊರು ದೊಡ್ಡದಿರಲಿ ಚಿಕ್ಕದಿರಲಿ ಪ್ರಮಾಣ ಅದೇ. ದೊಡ್ಡ ಊರಿಗೆ ದೊಡ್ಡ ಕಾಗದ, ಪುಟ್ಟ ಊರಿಗೆ ಪುಟ್ಟ ಕಾಗದ. ಕಾಗದ ಮಿಕ್ಕಿತೆಂದು ಊರನ್ನು ಹಿಗ್ಗಿಸುವುದಿಲ್ಲ. ಗ್ರಾಮನಕಾಶೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ರೂಪ ಗೊತ್ತು: ಜೇನುಹುಟ್ಟಿಯಂತೆ ಒತ್ತೊತ್ತಾಗಿ ಕೂತ ಸರ್ವೆ ನಂಬರುಗಳು, ನಡುವೆ ಗಾವಠಾಣ, ಚುಕ್ಕೆ ಚುಕ್ಕೆಯಾಗಿ ಹಾದುಹೋಗುವ ಗಾಡಿದಾರಿ, ಬಾಂದಕಲ್ಲುಗಳ ಗುರುತು, ಮತ್ತು ಗಡಿಯ ಗೆರೆಯಾಚೆ, ಬರಿದಾದ ಬಿಳಿಯ ಕಾಗದದ ಮೇಲೆ, ಆ ದಿಕ್ಕಿನ ನೆರೆಯೂರಿನ ಹೆಸರು. ಆ ನೆರೆಯೂರಿನ ಒಂದು ಹೊಲವೂ ಅಲ್ಲಿ ಕಾಣದು, ಹೆಸರು ಮಾತ್ರ ಉಂಟು. ಶಾಸನದ ಮೂಡಲು ತೆಂಕಲುಗಳೇ ಇಲ್ಲಿ ಸರ್ಕಾರಿ ಮಸಿಯನ್ನು ಮೆತ್ತಿಕೊಂಡು ಬಂದು ನಿಂತಿವೆಯೆಂದು ನನಗೆ ತೋರುವುದು.

ಊರಿಗೊಂದು ಹಾಳೆಯೆಂಬ ಈ ಕ್ರಮ ಬೆಳಗಾವಿ ನಗರದಲ್ಲಿ ಮಾತ್ರ ಸರಳವಾಗಿ ನಡೆಯುವಂತಿರಲಿಲ್ಲ. ಇಂದು ಒಂದೇ ನಗರವೆಂದು ನಾವು ತಿಳಿಯುವ ನೆಲ ಆಗ ಮೂರು ಬೇರೆ ಬೇರೆ ಆಡಳಿತಗಳ ಕೈಯಲ್ಲಿತ್ತು. ಕೋಟೆಯ ಪಡುವಣಕ್ಕೆ ಪೇಟೆಯಿತ್ತು. 1832ರಲ್ಲಿ ಸ್ಥಾಪಿತವಾದ ಸೈನ್ಯದ ದಂಡುಪ್ರದೇಶ, ಜನರ ಬಾಯಲ್ಲಿ ಕ್ಯಾಂಪು, ತನ್ನದೇ ಸರ್ವೆ, ತನ್ನದೇ ಭೂಮಿಯ ದಫ್ತರವನ್ನು ಇಟ್ಟುಕೊಂಡಿತು. ತೆಂಕಣಕ್ಕೆ, ಪೇಟೆಗೆ ಅಂಟಿಕೊಂಡೇ ಇದ್ದ ನೇಕಾರರ ಶಹಾಪುರವಾದರೋ ಬ್ರಿಟಿಷರ ಸೀಮೆಯೇ ಅಲ್ಲ. ಅದು ಸಾಂಗಲಿ ಸಂಸ್ಥಾನದ್ದು. ಒಂದು ಓಣಿಯಲ್ಲಿ ನಡೆದು ಹೋಗುತ್ತಿದ್ದಂತೆ ದೊರೆಯೇ ಬದಲಾಗುವ ಊರಿದು. ಸಾಂಗಲಿಯ ಸೀಮೆಯ ರೂಪವನ್ನು ನೆನೆದುಕೊಂಡರೆ ನಕಾಶೆ ಬರೆಯುವವನ ಕಷ್ಟ ಅರ್ಥವಾಗುವುದು: ಮೀರಜ ಪ್ರಾಂತ, ಕುಚಿ, ಮಂಗಳವೇಢೆ, ತೇರದಾಳ, ಶಹಾಪುರ, ಶಿರಹಟ್ಟಿ ಎಂಬ ಅದರ ಆರು ತಾಲೂಕುಗಳು ಭೀಮೆಯ ಸೀಮೆಯಿಂದ ಗದಗಿನಾಚೆಯವರೆಗೆ ಚೆದರಿ ಬಿದ್ದಿದ್ದವು. ಇವನ್ನೆಲ್ಲ ಒಂದೇ ಕಾಗದದ ಮೇಲೆ ಅವುಗಳ ಸ್ಥಾನದಲ್ಲಿಯೇ ಬರೆದರೆ ಕಾಗದದ ಬಹುಪಾಲು ಪರರ ನೆಲವೇ ಆಗುವುದು. ಬಿಡಿಸಿ ಬೇರೆ ಬೇರೆ ಚೌಕಟ್ಟುಗಳಲ್ಲಿ ಬರೆದರೆ ಒಂದಕ್ಕೊಂದು ಎಷ್ಟು ದೂರವೆಂಬುದು ಮರೆತುಹೋಗುವುದು. ಈ ಇಕ್ಕಟ್ಟು ಇಂದಿನವರದು ಮಾತ್ರವಲ್ಲ. 1948ರ ಮಾರ್ಚ್ 8ರಂದು ಸಾಂಗಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾದಾಗ ಶಹಾಪುರದ ಗಡಿಗೆರೆ ಅಳಿದು, ಅದು ಬೆಳಗಾವಿಯದೇ ಒಂದು ಮೊಹಲ್ಲೆಯಾಯಿತು.

ಕನ್ನಡ ನಾಡೇ ಆಗ ಬಿಡಿ ಹಾಳೆಗಳ ಒಂದು ಕಟ್ಟು ಎಂಬುದನ್ನು ಇಲ್ಲಿ ನೆನೆಯದಿರಲಾರೆ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಚದುರಿದ ಸೀಮೆಗಳನ್ನು 1920ರ ಬಳಿಕ ಕಾಂಗ್ರೆಸ್ಸು ಮಾತ್ರ ತನ್ನ ವ್ಯವಹಾರಕ್ಕಾಗಿ ಒಂದೇ ಕರ್ನಾಟಕ ಪ್ರಾಂತವೆಂದು ಎಣಿಸಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ತಿಳಕವಾಡಿಯಲ್ಲಿ ಅಧಿವೇಶನ ನೆರೆದಾಗ, ಆ ಬಯಲಿಗೆ ವಿಜಯನಗರವೆಂದು ಹೆಸರಿಟ್ಟುದು ಸುಮ್ಮನಲ್ಲ. ಸರ್ಕಾರದ ಯಾವ ನಕಾಶೆಯಲ್ಲಿಯೂ ಇಲ್ಲದ ಒಂದು ನಾಡನ್ನು ಜನ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದರು. ಆ ಜೋಡಣೆ 1956ರ ನವೆಂಬರ್ 1ರಂದು ನಿಜವಾದಾಗ ಬೆಳಗಾವಿ ಜಿಲ್ಲೆಯೊಳಗಿಂದ ಚಂದಗಡ ತಾಲೂಕೊಂದನ್ನು ಬಿಟ್ಟು ಉಳಿದುದೆಲ್ಲವೂ ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು.

ಮೊದಲು ಹೇಳಿದ 48 ಐ ಎಂಬ ಹೆಸರಿನ ಮರ್ಮವನ್ನೂ ಹೇಳಿಬಿಡುತ್ತೇನೆ. ಸರ್ವೇಕ್ಷಣ ಇಲಾಖೆ ಇಡೀ ದೇಶವನ್ನು ಉದ್ದಗಲ ನಾಲ್ಕು ನಾಲ್ಕು ಡಿಗ್ರಿಗಳ ಮನೆಗಳಾಗಿ ವಿಂಗಡಿಸಿ ಅಂಕವಿಟ್ಟಿತು. 72ರಿಂದ 76 ರೇಖಾಂಶ, 12ರಿಂದ 16 ಅಕ್ಷಾಂಶಗಳ ಮನೆ 48. ಅದರೊಳಗೆ ಡಿಗ್ರಿಗೊಂದರಂತೆ ಹದಿನಾರು ಮನೆ, ಮೇಲಿನಿಂದ ಕೆಳಕ್ಕೆ ಕಂಬಕಂಬವಾಗಿ ಇಂಗ್ಲಿಷಿನ ಎ ಇಂದ ಪಿ ವರೆಗೆ ಅಕ್ಷರ. ಮೂರನೆಯ ಕಂಬದ ತಲೆಯಲ್ಲಿ ಕೂತದ್ದು ಐ. ಅದರೊಳಗೆ ಮತ್ತೆ ಹದಿನೈದು ಹದಿನೈದು ಮಿನಿಟಿನ ಹದಿನಾರು ಹಾಳೆ. ನಮ್ಮ ಅಕ್ಷಾಂಶದಲ್ಲಿ ಅಂತಹ ಒಂದು ಹಾಳೆ ಅಗಲಕ್ಕೆ 26.8, ಉದ್ದಕ್ಕೆ 27.7 ಕಿಲೋಮೀಟರುಗಳಷ್ಟು ನೆಲವನ್ನು ಹಿಡಿಯುತ್ತದೆ. ಅಗಲ ಕೊಂಚ ಕಡಮೆಯಾಗುವುದಕ್ಕೆ ಕಾರಣ, ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದರ ಹತ್ತಿರಕ್ಕೊಂದು ಸರಿಯುವುದು. ಈ ನೂರಕ್ಕೆ ಮೂರರಷ್ಟರ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಇನ್ನು ನನ್ನ ಕಾಲಕ್ಕೆ ಬರುತ್ತೇನೆ. ಗೀಡೋ ವಾನ್ ರಾಸಮ್ 1991ರಲ್ಲಿ ಲೋಕಕ್ಕೆ ಕೊಟ್ಟ ಪೈಥಾನ್ ಭಾಷೆಗೆ ಚಿತ್ರ ಬರೆಯುವ ಕೈಯನ್ನು ಕೊಟ್ಟವನು ಜಾನ್ ಹಂಟರ್ ಎಂಬ ಅಮೆರಿಕದ ನರವಿಜ್ಞಾನಿ. ಮೂರ್ಛೆರೋಗದವರ ಮಿದುಳಿನ ವಿದ್ಯುತ್ ಸಂಕೇತಗಳನ್ನು ಪರೀಕ್ಷಿಸುವುದಕ್ಕೆಂದು ತೊಡಗಿ, ಅದರಿಂದ ಬೆಳೆದ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಉಪಕರಣವನ್ನು ಅವನು 2003ರಲ್ಲಿ ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟನು. 2012ರಲ್ಲಿ, ಇನ್ನೂ ನಡುವಯಸ್ಸಿನಲ್ಲಿಯೇ, ತೀರಿಕೊಂಡನು. ಒಂದೇ ಕಾಗದದ ಮೇಲೆ ಸಾಲು ಕಂಬಗಳಾಗಿ ಹಲವು ಚೌಕಟ್ಟುಗಳನ್ನು ಹಾಕಿಕೊಡುವ ಸಬ್‌ಪ್ಲಾಟ್ಸ್ ಎಂಬ ಆಜ್ಞೆ ಅದರಲ್ಲುಂಟು. ಮುಂದೆ 2013ರ ಹೊತ್ತಿಗೆ ಕೆಲ್ಸಿ ಜೋರ್ಡಾಲ್ ಆರಂಭಿಸಿದ ಜಿಯೋಪಾಂಡಾಸ್, ನೆಲದ ಆಕೃತಿಗಳನ್ನು ಕೋಷ್ಟಕದ ಸಾಲುಗಳಂತೆ ಎಣಿಸಿ ಎತ್ತಿಕೊಳ್ಳುವ ಶಕ್ತಿಯನ್ನು ಅದಕ್ಕೆ ಸೇರಿಸಿತು. ಇವೆರಡರ ಬಲದಿಂದ, ಕುಲಕರ್ಣಿಯೊಬ್ಬ ತಿಂಗಳುಗಟ್ಟಲೆ ಕೂತು ಮಾಡುತ್ತಿದ್ದ ಕೆಲಸವನ್ನು ಹತ್ತು ಸಾಲಿನ ಬರೆಹ ಒಂದು ಉಸಿರಿನಲ್ಲಿ ಮಾಡಿ ಮುಗಿಸುವುದು.

ನಾನು ತೆಗೆದುಕೊಂಡುದು ಬೆಳಗಾವಿ ಜಿಲ್ಲೆಯ ಹಳೆಯ ಹತ್ತು ತಾಲೂಕುಗಳ ಗಡಿಗಳನ್ನು. ಎರಡು ಸಾಲು, ಐದು ಕಂಬ, ತಾಲೂಕಿಗೊಂದು ಚೌಕಟ್ಟು, ಕೋಷ್ಟಕದ ಒಂದೊಂದು ಸಾಲನ್ನೂ ಎತ್ತಿ ಒಂದೊಂದು ಚೌಕಟ್ಟಿನಲ್ಲಿ ಬರೆ ಎಂದೆ. ಬರೆಯಿತು. ಅಥಣಿ, ಚಿಕ್ಕೋಡಿ, ಗೋಕಾಕ, ಹುಕ್ಕೇರಿಗಳು ಅಂಗಡಿಯ ಕಪಾಟಿನ ಬೊಂಬೆಗಳಂತೆ ಅಂದವಾಗಿ ಬಂದು ನಿಂತವು. ಖಾನಾಪುರದ ಚೌಕಟ್ಟನ್ನೂ ಬೆಳಗಾವಿ ತಾಲೂಕಿನ ಚೌಕಟ್ಟನ್ನೂ ಅಕ್ಕಪಕ್ಕದಲ್ಲಿ ನೋಡಿದಾಗ ಮಾತ್ರ ಎದೆ ಧಸಕ್ಕೆಂದಿತು: ಎರಡೂ ಒಂದೇ ಗಾತ್ರ! ಜಾಂಬೋಟಿಯಿಂದ ಲೋಂಡಾದವರೆಗೆ ಹಬ್ಬಿದ ಕಾಡೂ, ಭೀಮಗಡದ ಕಣಿವೆಗಳೂ, ಹಲಸಿ ನಂದಗಡಗಳ ಗದ್ದೆಬಯಲೂ ಒಳಗೊಂಡ ಆ ವಿಶಾಲವಾದ ಸೀಮೆ, ಅದಕ್ಕಿಂತ ಎಷ್ಟೋ ಕಿರಿದಾದ ಬೆಳಗಾವಿ ತಾಲೂಕಿಗೆ ಸಮನಾಗಿ ಕುಗ್ಗಿ ಕೂತಿತ್ತು. ಯಂತ್ರ ಏನು ಮಾಡಿತೆಂಬುದು ಸ್ಪಷ್ಟ; ಅದು ಪ್ರತಿಯೊಂದು ಚೌಕಟ್ಟನ್ನೂ ಅದರೊಳಗಿನ ಆಕೃತಿಯಿಂದ ತುಂಬಿತು, ದೊಡ್ಡದನ್ನು ಕುಗ್ಗಿಸಿ ಚಿಕ್ಕದನ್ನು ಹಿಗ್ಗಿಸಿತು. ಗ್ರಾಮನಕಾಶೆಯ ಗುಮಾಸ್ತ ಎಂದಿಗೂ ಮಾಡದಿದ್ದ ತಪ್ಪಿದು. ಚೌಕಟ್ಟುಗಳ ಅಳತೆ ಒಂದೇ ಆಗಿರಬೇಕೆಂದು ಸುಂದರತೆ ಬಯಸುವುದು, ನೆಲದ ಅಳತೆ ಒಂದೇ ಆಗಿರಬೇಕೆಂದು ಸತ್ಯ ಬಯಸುವುದು.

ತಿದ್ದುವ ಬಗೆಯೆಂತು? ಎಲ್ಲ ಚೌಕಟ್ಟುಗಳೂ ಒಂದೇ ಅಕ್ಷಗಳನ್ನು ಹಂಚಿಕೊಳ್ಳಲಿ ಎಂದು ಆಜ್ಞಾಪಿಸಬಹುದು. ಆಗ ಪ್ರತಿಯೊಂದು ತಾಲೂಕೂ ಜಿಲ್ಲೆಯೊಳಗಿನ ತನ್ನ ಸ್ಥಾನದಲ್ಲಿಯೇ ಕಾಣುವುದು, ಆದರೆ ವಿಶಾಲವಾದ ಬಯಲಿನ ಮೂಲೆಯಲ್ಲಿ ಬಿದ್ದ ಎಲೆಯಷ್ಟು ಪುಟ್ಟದಾಗುವುದು. ಸಾಂಗಲಿಯ ಇಕ್ಕಟ್ಟೇ ಇದು. ನಾನು ಹಿಡಿದುದು ಇನ್ನೊಂದು ದಾರಿ. ಮೊದಲು ಡಿಗ್ರಿಗಳ ಲೆಕ್ಕವನ್ನು ಬಿಟ್ಟು ಮೀಟರುಗಳಿಗೆ ಬಂದೆ. 75ನೆಯ ರೇಖಾಂಶವನ್ನು ನಡುಗೆರೆಯಾಗುಳ್ಳ ಯುಟಿಎಂ 43ನೆಯ ವಲಯ, ಗಣಕದ ಭಾಷೆಯಲ್ಲಿ 32643 ಎಂಬ ಅಂಕ, ನಮ್ಮ ಸೀಮೆಗೆ ಹೇಳಿ ಮಾಡಿಸಿದಂತಹುದು. ಇದರಿಂದ ಹಿಂದೆ ಹೇಳಿದ ನೂರಕ್ಕೆ ಮೂರರ ವ್ಯತ್ಯಾಸ ತಾನಾಗಿಯೇ ಸರಿಹೋಗುವುದು. ಡಿಗ್ರಿಗಳಲ್ಲಿಯೇ ಬರೆದರೂ ಜಿಯೋಪಾಂಡಾಸ್ ಅಕ್ಷಾಂಶವನ್ನು ನೋಡಿ ಅದನ್ನು ಸರಿಗೊಳಿಸಿಕೊಳ್ಳುವುದಾದರೂ, ಮೀಟರು ಮೀಟರೇ; ಸರಪಳಿಯ ಬಂಧು. ಬಳಿಕ ಹತ್ತು ತಾಲೂಕುಗಳಲ್ಲಿ ಅತಿ ವಿಸ್ತಾರವಾದುದರ ಅಗಲವನ್ನು ಕಂಡುಕೊಂಡು, ಅದಕ್ಕಿಂತ ತುಸು ಹೆಚ್ಚಿನ ಒಂದು ಕಿಟಕಿಯನ್ನು ನಿಶ್ಚಯಿಸಿ, ಪ್ರತಿ ತಾಲೂಕಿನ ನಡುಬಿಂದುವಿನ ಮೇಲೆ ಅದೇ ಕಿಟಕಿಯನ್ನು ಇಟ್ಟೆ. ಈಗ ಖಾನಾಪುರ ತನ್ನ ಚೌಕಟ್ಟನ್ನು ಹೆಚ್ಚುಕಡಮೆ ತುಂಬಿತು. ಬೆಳಗಾವಿ ತಾಲೂಕು ತನ್ನದರಲ್ಲಿ ಕಿರಿದಾಗಿ ಕುಳಿತು ಸುತ್ತಲೂ ಬಿಳಿಯ ಬಯಲನ್ನು ಉಳಿಸಿತು.

ಆ ಬಿಳಿಯ ಬಯಲೇ ಎರಡನೆಯ ದೋಷವನ್ನು ತೋರಿಸಿಕೊಟ್ಟಿತು. ಬೆಳಗಾವಿ ತಾಲೂಕಿನ ಸುತ್ತ ಏನೂ ಇಲ್ಲವೆಂಬಂತೆ, ಅದು ಕಡಲಿನ ನಡುವಿನ ದ್ವೀಪವೆಂಬಂತೆ ಕಾಣುತ್ತಿತ್ತು. ನಗರಪಾಲಿಕೆಯ 58 ವಾರ್ಡುಗಳನ್ನು ಬರೆದಾಗಲೂ ಇದೇ ಆಗಿತ್ತು. ವಾರ್ಡುಗಳ ಪಟ್ಟಿಯಲ್ಲಿ ದಂಡುಪ್ರದೇಶ ಸೇರುವುದಿಲ್ಲವಾದುದರಿಂದ, 2011ರ ಜನಗಣತಿಯಲ್ಲಿ ಸುಮಾರು 4.9 ಲಕ್ಷ ಜನರಿದ್ದ ಊರಿಗೆ ಅಂಟಿಕೊಂಡ ಆ ದೊಡ್ಡ ನೆಲ, ಮರಗಳ ನೆರಳಿನ ಕ್ಯಾಂಪು, ಇಲ್ಲವೇ ಇಲ್ಲವೆಂಬಂತೆ ಬರಿದಾಗಿ ಉಳಿದಿತ್ತು. ಆಗ ಗ್ರಾಮನಕಾಶೆಯ ಅಂಚು ನನ್ನ ಕಣ್ಣ ಮುಂದೆ ಬಂದಿತು. ಪ್ರತಿಯೊಂದು ಚೌಕಟ್ಟಿನಲ್ಲಿಯೂ ಮೊದಲು ಸುತ್ತಲಿನ ಸೀಮೆಯನ್ನೆಲ್ಲ ತೆಳ್ಳನೆಯ ಬೂದಿಬಣ್ಣದಲ್ಲಿ ಬರೆದು, ಅದರ ಮೇಲೆ ಆಯಾ ತಾಲೂಕನ್ನು ಗಾಢವಾಗಿ ಬರೆಯುವಂತೆ ಆಜ್ಞೆಯನ್ನು ತಿದ್ದಿದೆ. ಗಡಿಯಾಚೆ ನೆರೆಯವರ ಹೆಸರುಗಳನ್ನು ಸಣ್ಣ ಅಕ್ಷರದಲ್ಲಿ ಇಟ್ಟೆ. ಹೆಸರುಗಳನ್ನು ಯಂತ್ರಕ್ಕೆ ಬಿಡಲಿಲ್ಲ. ಒಂದೊಂದನ್ನೂ ನಾನೇ ಕೈಯಾರೆ ಕೂಡಿಸಿದೆನು.

ಖಾನಾಪುರದ ಚೌಕಟ್ಟಿನಲ್ಲಿ ಬಹಳ ಹೊತ್ತು ಕುಳಿತೆ. ಬಡಗಲು ಬೆಳಗಾವಿ. ಬಡಗ-ಪಡುವಲಿನ ಮೂಲೆಗೆ ಚಂದಗಡ. 1956ರವರೆಗೆ ಇದೇ ಜಿಲ್ಲೆಯ ತಾಲೂಕಾಗಿದ್ದುದು ಈಗ ಬೇರೆ ರಾಜ್ಯದ ಹೆಸರಿನಡಿಯಲ್ಲಿ. ಮೂಡಲು ಬೈಲಹೊಂಗಲ, ಈಗಿನ ವಿಂಗಡಣೆಯಂತೆ ಬರೆಯುವವರು ಅಲ್ಲಿ ಕಿತ್ತೂರೆಂದು ಬರೆಯಬೇಕು, ಮತ್ತು 1831ರ ಜನವರಿ 26ರಂದು ಕಿತ್ತೂರಿನ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಈ ಚೌಕಟ್ಟಿನೊಳಗಿದೆಯೆಂಬುದನ್ನು ಬಲ್ಲವರಿಗೆ ಈ ಎರಡು ಹೆಸರುಗಳ ನಡುವಿನ ಗೆರೆ ತೀರ ತೆಳುವಾಗಿ ಕಂಡೀತು. ತೆಂಕಲು ಹಳಿಯಾಳ, ಮತ್ತೆ ಸೂಪಾ. ಕಾಳೀನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಊರು ಮುಳುಗಿಹೋಗಿ, ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಸರಿದು ಕಾಲವಾಯಿತು. ಹಳೆಯ ಹಾಳೆಗಳ ಅಂಚಿನಲ್ಲಿ ಮಾತ್ರ ಆ ಹೆಸರು ನೀರಿನ ಮೇಲೆ ನಿಂತಿದೆ. ನಾನು ಜೋಯಿಡಾ ಎಂದು ಬರೆದು, ಅದರ ಕೆಳಗೆ ಇನ್ನೂ ಸಣ್ಣದಾಗಿ ಸೂಪಾ ಎಂದೂ ಬರೆದೆ.

ಪಡುವಲು ಗೋವೆ. 1884ರಲ್ಲಿ ಕ್ಯಾಂಬೆಲ್ಲನು ಮುಂಬಯಿ ಇಲಾಖೆಯ ಗ್ಯಾಜೆಟಿಯರಿನ ಬೆಳಗಾವಿಯ ಸಂಪುಟವನ್ನು ಹೊರತಂದಾಗಲೂ, ಅಲ್ಲಿಂದ 1961ರ ಡಿಸೆಂಬರಿನವರೆಗೂ, ಆ ಅಂಚಿನಾಚೆ ಪೋರ್ಚುಗೀಸರ ರಾಜ್ಯ. ಚೌಕಟ್ಟಿನೊಳಗೆ ನದಿಗಳನ್ನೂ ಬರೆದಿದ್ದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮೂಡಣಕ್ಕೆ ತಿರುಗಿ, ಖಾನಾಪುರವನ್ನು ಹಾಯ್ದು, ಕೂಡಲಸಂಗಮದ ಕಡೆಗೆ ಹೊರಟಿತ್ತು. ಅದೇ ಕಾಡಿನಲ್ಲಿ ಹುಟ್ಟಿದ ಮಹಾದಾಯಿ ಪಡುವಣಕ್ಕೆ ಹರಿದು, ತಾಲೂಕಿನ ಗಡಿಗೆರೆ ಬಂದಲ್ಲಿ, ಕತ್ತರಿಸಿದ ದಾರದಂತೆ ಥಟ್ಟನೆ ನಿಂತುಬಿಟ್ಟಿತ್ತು. ಗಡಿಯಿಂದ ಗಡಿಗೆ ಕತ್ತರಿಸು ಎಂದು ಹೇಳಿದವನು ನಾನೇ. ಆ ಒಂದು ಸಾಲನ್ನು ತೆಗೆದುಹಾಕಿ ಮತ್ತೊಮ್ಮೆ ಬರೆಸಿದೆ. ಈ ಸಲ ನೀಲಿಯ ಗೆರೆ ಗಡಿಯನ್ನು ದಾಟಿ, ಬೂದಿಬಣ್ಣದ ಗೋವೆಯೊಳಗೆ ಎರಡು ಬೆರಳಿನಷ್ಟು ದೂರ ಹೋಗಿ ಚೌಕಟ್ಟಿನ ಅಂಚನ್ನು ಮುಟ್ಟಿತು. ಅಲ್ಲಿ, ಅಂಚಿನ ಹೊರಗೆ, ಆ ಹಳೆಯ ಹಾಳೆಗಳಲ್ಲಿ ದಾರಿಗಳ ತುದಿಗೆ ಬರೆದಿದ್ದಂತೆಯೇ, ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ಬರೆದೆ: ಮುಂದೆ ಮಾಂಡೋವಿ, ಪಣಜಿಗೆ.